ಲೋಟ ತಾನಾಗೇ ಬಿತ್ತಂತೆ

ಈ ಸಲ ಬಂದ ಕಾಗದಗಳನ್ನು ಒಂದೊಂದಾಗಿ ಓದುತ್ತಾ ಹೋದೆ. ಬರೆದವರ ವಯಸ್ಸು ಬೇರೆ, ಕೆಲಸ ಬೇರೆ, ಅಕ್ಷರ ಬೇರೆ. ಆದರೆ ಸುತ್ತಿ ಬಳಸಿ ಎಲ್ಲರೂ ಬಂದು ನಿಲ್ಲುವುದು ಒಂದೇ ಜಾಗದಲ್ಲಿ: ತಪ್ಪು ಯಾರದು? ಹಾಗಾಗಿ ನಿದ್ದೆ ಬರದವರು, ಪರೀಕ್ಷೆಗೆ ಹೆದರುವವರು ಒಂದು ಸಂಚಿಕೆ ಕಾಯಬೇಕು. ಇವತ್ತು ಈ ಐದು ಕಾಗದ ಮಾತ್ರ.

ಹೊಸ ಓದುಗರಿಗೆ ಒಂದು ಮಾತು. ನಾನು ಮನಶ್ಶಾಸ್ತ್ರದ ಪಂಡಿತನಲ್ಲ. 31 ವರ್ಷ ಅಚ್ಚುಮನೆಯಲ್ಲಿ ಕೂತು ಕರಡು ತಿದ್ದಿದವನು. ಬೇರೆಯವರ ತಪ್ಪು ಹುಡುಕುವುದಕ್ಕೇ ಸಂಬಳ ತೆಗೆದುಕೊಂಡವನು. ಈ ವಿಷಯ ಮಾತಾಡಲು ಅಷ್ಟು ಅರ್ಹತೆ ಸಾಕು ಅಲ್ವಾ?

ಪ್ರಶ್ನೆ: ಸರ್, ನನಗೆ 41 ವರ್ಷ. ಆಫೀಸಿನಲ್ಲಿ ಏಳು ಜನರ ತಂಡ ನೋಡಿಕೊಳ್ಳುತ್ತೇನೆ. ಮೊನ್ನೆ ಎಂಟು ವರ್ಷದ ಮಗಳ ಕೈಯಿಂದ ಗಾಜಿನ ಲೋಟ ಬಿದ್ದು ಚೂರಾಯಿತು. ನಾನು ಬಾಯಿ ತೆರೆಯುವ ಮೊದಲೇ ಅವಳು, “ನಾನಲ್ಲ ಅಪ್ಪ. ಟೇಬಲ್ ಅಲ್ಲಾಡಿತು. ಅಮ್ಮ ಲೋಟನ ತುದಿಯಲ್ಲಿ ಇಟ್ಟಿದ್ದಳು. ಅದೇ ಬಿತ್ತು” ಅಂದಳು. ಒಂದೇ ಉಸಿರಿಗೆ ಮೂರು ಕಾರಣ! ನನಗೆ ನಗು ಬಂತು. ಹೆಂಡತಿ ನಗಲಿಲ್ಲ. “ಇದನ್ನ ಯಾರ ಹತ್ತಿರ ಕಲಿತಳು ಅಂತ ಸ್ವಲ್ಪ ಯೋಚನೆ ಮಾಡಿ” ಅಂದಳು. ಮದುವೆಯಾಗಿ ಹನ್ನೆರಡು ವರ್ಷದಲ್ಲಿ “ನನ್ನ ತಪ್ಪು” ಅನ್ನುವ ಮಾತನ್ನು ನನ್ನ ಬಾಯಿಂದ ಒಂದು ಸಲವೂ ಕೇಳಿಲ್ಲವಂತೆ. ರಾತ್ರಿ ಕೂತು ಲೆಕ್ಕ ಹಾಕಿದೆ. ತಡವಾದರೆ ಟ್ರಾಫಿಕ್. ರಿಪೋರ್ಟ್ ಹೋಗದಿದ್ದರೆ ತಂಡ. ಮನೆಯಲ್ಲಿ ರೇಗಿದರೆ ಆಫೀಸು. ಗೂಬೆ ಕೂರಿಸಲು ಯಾರದ್ದಾದರೂ ಹೆಗಲು ಸಿಕ್ಕೇ ಸಿಗುತ್ತದೆ. ಇದು ಹುಟ್ಟುಗುಣವೇ? ಈ ವಯಸ್ಸಿನಲ್ಲಿ ಬದಲಾಗಲು ಆಗುತ್ತದಾ?
(ಹೆಸರು ಬೇಡ)

ಉತ್ತರ: ಮಗಳ ಮಾತನ್ನು ಇನ್ನೊಂದು ಸಲ ಓದಿ. ಟೇಬಲ್ ಅಲ್ಲಾಡಿತು. ಅಮ್ಮ ಇಟ್ಟಿದ್ದಳು. ಅದೇ ಬಿತ್ತು. ಮೂರು ವಾಕ್ಯದಲ್ಲಿ ಮನುಷ್ಯರು ಬರುವುದು ಒಂದರಲ್ಲಿ ಮಾತ್ರ, ಅದು ಅಮ್ಮ. ಲೋಟ ಹಿಡಿದಿದ್ದ ಕೈ ಎಲ್ಲೂ ಇಲ್ಲ. ಎಂಟು ವರ್ಷಕ್ಕೇ ಎಂಥ ಸಂಪಾದಕಿ ನೋಡಿ.

ಕರಡು ತಿದ್ದುವವನ ಕಣ್ಣು ಮೊದಲು ಹೋಗುವುದು ಕ್ರಿಯಾಪದದ ಬಾಲಕ್ಕೆ. ಅಲ್ಲಿಯೇ ಗೊತ್ತಾಗುತ್ತದೆ, ಮಾಡಿದ್ದು ಯಾರು ಅಂತ. ನಮ್ಮ ಕನ್ನಡದಲ್ಲಿ ಜಾರಿಕೊಳ್ಳಲು ಎಷ್ಟು ಸಲೀಸಾದ ದಾರಿಗಳಿವೆ ಗೊತ್ತಾ? ಮರೆತುಹೋಯಿತು. ತಡ ಆಯಿತು. ಕೈ ಜಾರಿತು. ಬಾಯಿ ತಪ್ಪಿ ಬಂತು. ಸಿಟ್ಟು ಬಂತು. ಸಿಟ್ಟು ಅನ್ನುವುದು ಹೇಳದೆ ಕೇಳದೆ ಬಂದ ನೆಂಟ, ನಾವು ಪಾಪ ಬಾಗಿಲು ತೆಗೆದವರು ಅಷ್ಟೇ! ಇದೇ ಕೆಲಸವನ್ನು ಎದುರಿನವರು ಮಾಡಲಿ, ವ್ಯಾಕರಣ ಗಕ್ಕನೆ ಬದಲಾಗುತ್ತದೆ. ನೀನು ಮರೆತೆ. ನೀನು ತಡ ಮಾಡಿದೆ. ನೀನು ಬೀಳಿಸಿದೆ. ನೀನು ರೇಗಾಡಿದೆ.

ಇದು ಭಾಷೆಯ ದೋಷವಲ್ಲ. ಕೈ ನಿಜವಾಗಿಯೂ ಜಾರುತ್ತದೆ. ಆದರೆ ಯಾವ ಬಾಲ ಹಚ್ಚುತ್ತೇವೆ ಅನ್ನುವುದರ ಮೇಲೆ ಕೇಳಿದವರ ತೀರ್ಪು ಬದಲಾಗುತ್ತದೆ. 2010ರಲ್ಲಿ ಕೇಟ್ಲಿನ್ ಫಾಸಿ, ಲೆರಾ ಬೊರೊಡಿಟ್ಸ್ಕಿ ಅನ್ನುವ ಇಬ್ಬರು ಸಂಶೋಧಕಿಯರು ಇದನ್ನೇ ಪರೀಕ್ಷೆ ಮಾಡಿ ಪ್ರಕಟಿಸಿದರು. ಒಂದು ಹೋಟೆಲಿನಲ್ಲಿ ಒಬ್ಬ ಹೆಂಗಸಿನ ಮುಂದಿದ್ದ ಮೇಣದ ಬತ್ತಿಯಿಂದ ಬೆಂಕಿ ಹತ್ತಿಕೊಂಡ ಕಥೆ. ಕೆಲವರಿಗೆ ಕೊಟ್ಟ ಬರಹದಲ್ಲಿ ಆಕೆ ಬತ್ತಿಯನ್ನು ಉರುಳಿಸಿದಳು ಅಂತ ಇತ್ತು, ಉಳಿದವರಿಗೆ ಕೊಟ್ಟದ್ದರಲ್ಲಿ ಬತ್ತಿ ಉರುಳಿತು ಅಂತ. ಮಿಕ್ಕಿದ್ದೆಲ್ಲ ಹೆಚ್ಚುಕಡಿಮೆ ಒಂದೇ. ‘ಉರುಳಿಸಿದಳು’ ಅಂತ ಓದಿದವರು ಆಕೆಯ ಮೇಲೆ ಜಾಸ್ತಿ ತಪ್ಪು ಹೊರಿಸಿದರು, ಜಾಸ್ತಿ ದಂಡವನ್ನೂ ಹಾಕಿದರು. ನಿಮ್ಮ ಮಗಳಿಗೆ ಈ ಸಂಶೋಧನೆ ಓದದೆಯೇ ಗೊತ್ತಿದೆ. ನಮ್ಮೆಲ್ಲರಿಗೂ ಗೊತ್ತು.

ಇನ್ನು, ಹುಟ್ಟುಗುಣವಾ ಅಂತ ಕೇಳಿದಿರಿ. ಮನಶ್ಶಾಸ್ತ್ರದವರಲ್ಲಿ ಈ ಚರ್ಚೆ ಹಳೆಯದು. ಎಡ್ವರ್ಡ್ ಜೋನ್ಸ್, ರಿಚರ್ಡ್ ನಿಸ್ಬೆಟ್ 1971ರಲ್ಲೇ ಒಂದು ಮಾತು ಹೇಳಿದ್ದರು: ನಾವು ಮಾಡಿದ್ದಕ್ಕೆ ಸಂದರ್ಭ ಕಾರಣ ಅನ್ನುತ್ತೇವೆ, ಬೇರೆಯವರು ಮಾಡಿದ್ದಕ್ಕೆ ಅವರ ಸ್ವಭಾವ ಕಾರಣ ಅನ್ನುತ್ತೇವೆ ಅಂತ. ಆಮೇಲೆ 2006ರಲ್ಲಿ ಬರ್ಟ್ರಾಮ್ ಮಾಲೆ ಅನ್ನುವವರು 173 ಅಧ್ಯಯನಗಳನ್ನು ಒಟ್ಟಿಗೆ ಹರಡಿಕೊಂಡು ನೋಡಿದರು. ಒಟ್ಟಾರೆಯಾಗಿ ಅಂಥ ದೊಡ್ಡ ವ್ಯತ್ಯಾಸವೇ ಕಾಣಲಿಲ್ಲ. ಆದರೆ ಕೆಟ್ಟದ್ದು ನಡೆದಾಗ ಮಾತ್ರ ಆ ಮಾತು ನಿಜವಾಗಿತ್ತು. ಒಳ್ಳೆಯದಾದಾಗ ತಿರುವುಮುರುವು! ಇದು ನಮ್ಮ ಬಾಯಿಗೆ ಚೆನ್ನಾಗಿ ಹೊಂದುತ್ತದೆ. ಕೆಲಸ ಕೆಟ್ಟರೆ ‘ಹಾಗಾಗಿಹೋಯಿತು’. ಕೈಗೂಡಿದರೆ ‘ನಾನು ಮಾಡಿದೆ’. ಬಹುಮಾನ ತಾನಾಗೇ ಬಂದುಬಿಟ್ಟಿತು ಅಂತ ಮನಸಾರೆ ಹೇಳಿದವರನ್ನು ನಾನಂತೂ ನೋಡಿಲ್ಲ.

ಇದಕ್ಕಿಂತ ನಿಮಗೆ ಮುಖ್ಯವಾದದ್ದು ಇನ್ನೊಂದಿದೆ. ಈ ಗುಣ ಅಂಟುತ್ತದೆ, ನೆಗಡಿಯ ಹಾಗೆ. ನೇಥನೇಲ್ ಫಾಸ್ಟ್, ಲಾರಿಸಾ ಟೀಡೆನ್ಸ್ ಅನ್ನುವವರ 2010ರ ಅಧ್ಯಯನದಲ್ಲಿ, ಒಬ್ಬ ರಾಜಕಾರಣಿ ತನ್ನ ಸೋಲಿಗೆ ಬೇರೆಯವರನ್ನು ದೂರಿದ ಸುದ್ದಿ ಓದಿದವರು, ಅದಕ್ಕೆ ಸಂಬಂಧವೇ ಇಲ್ಲದ ತಮ್ಮದೇ ಒಂದು ಸೋಲಿಗೂ ಬೇರೆಯವರನ್ನೇ ಜಾಸ್ತಿ ದೂರಿದರು. ಆತ ಹೊಣೆ ಹೊತ್ತ ಎಂಬ ಸುದ್ದಿ ಓದಿದವರು ಹಾಗೆ ಮಾಡಿದ್ದು ಕಡಿಮೆ. ಒಂದು ಸುದ್ದಿ ತುಣುಕು ಇಷ್ಟು ಮಾಡಿದರೆ, ಎಂಟು ವರ್ಷ ಅಪ್ಪನ ಬಾಯಿಂದ ಟ್ರಾಫಿಕ್, ಆಫೀಸು, ತಂಡ ಅಂತ ಕೇಳಿದ ಮಗು ಏನು ಕಲಿಯಬೇಡ? ನಿಮ್ಮ ಹೆಂಡತಿ ಕೇಳಿದ್ದು ಸರಿಯಾದ ಪ್ರಶ್ನೆ.

ಈಗ ನನ್ನ ಕಥೆ. ಹೇಳದೆ ಹೋದರೆ ಈ ಉತ್ತರಕ್ಕೆ ಬೆಲೆಯಿಲ್ಲ.

ಕೆಲಸಕ್ಕೆ ಸೇರಿ ನಾಲ್ಕನೇ ವರ್ಷ. ಒಂದು ಸಭೆಯ ಪ್ರಕಟಣೆ ನಮ್ಮಲ್ಲಿ ಅಚ್ಚಾಗಬೇಕಿತ್ತು. ಸಭೆ ಇದ್ದದ್ದು 17ನೇ ತಾರೀಕು. ಅಚ್ಚಾಗಿದ್ದು 11. ಆರು ದಿನ ಮೊದಲೇ ಜನ ಬಂದು, ಬೀಗ ಹಾಕಿದ ಬಾಗಿಲು ನೋಡಿಕೊಂಡು ವಾಪಸ್ಸು ಹೋದರು. ಅವರಲ್ಲಿ ಒಬ್ಬ ಮುದುಕರು ಕೋಲೂರಿಕೊಂಡು ಬಂದಿದ್ದರಂತೆ. ಸಂಪಾದಕರು ಕರೆದು ಕೇಳಿದರು. ನಾನು ಒಂದು ಕ್ಷಣವೂ ತಡೆಯಲಿಲ್ಲ. “ಕಂಪೋಸಿಂಗ್‌ನಲ್ಲಿ ತಪ್ಪಾಗಿದೆ ಸಾರ್” ಅಂದೆ. ಸುಳ್ಳು ಹೇಳುತ್ತಿದ್ದೇನೆ ಅಂತಲೂ ಅನಿಸಲಿಲ್ಲ. ಅದೇ ನಿಜ ಅಂತ ನಂಬಿದ್ದೆ. ಅಚ್ಚಿನ ಅಕ್ಷರದ ಮೊಳೆ ಜೋಡಿಸುವ ಕಂಪೋಸಿಟರದಲ್ಲದೆ ಇನ್ಯಾರ ತಪ್ಪು?

ಕಂಪೋಸಿಟರ್ ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಮಾತು ಕಮ್ಮಿ. ಅವತ್ತು ಸಂಜೆ ನನ್ನ ಮೇಜಿನ ಮೇಲೆ ಒಂದು ಹಾಳೆ ಇಟ್ಟರು. ಅದೇ ಪ್ರಕಟಣೆಯ ಗ್ಯಾಲಿ ಪ್ರೂಫು, ಅಂದರೆ ತಿದ್ದಲೆಂದು ತೆಗೆದ ಕರಡು ಅಚ್ಚು. ಅವರು 17 ಅಂತಲೇ ಜೋಡಿಸಿದ್ದರು. ಅದರ ಮೇಲೆ ಕೆಂಪು ಶಾಯಿಯಲ್ಲಿ ಗೀಟು. ಅಂಚಿನಲ್ಲಿ ಅದೇ ಶಾಯಿಯಲ್ಲಿ 11. ಕೆಳಗೆ ಮೂಲೆಯಲ್ಲಿ ಕರಡು ನೋಡಿದವರ ಚಿಕ್ಕ ಸಹಿ. ನನ್ನದೇ. ಬರೆದುಕೊಟ್ಟವರ ಕೈಬರಹದಲ್ಲಿ ಏಳರ ತಲೆ ಸರಿಯಾಗಿ ಬಿದ್ದಿರಲಿಲ್ಲ. ಕಂಪೋಸಿಟರ್ ಯೋಚಿಸಿ ಸರಿಯಾಗಿ ಓದಿದ್ದರು. ನಾನು ಸರಿ ಇದ್ದದ್ದನ್ನು ತಪ್ಪು ಮಾಡಿ ಸಹಿ ಹಾಕಿದ್ದೆ.

“ಇದು ನಿಮ್ಮ ಹತ್ರಾನೇ ಇರಲಿ” ಅಂದು ಹೋದರು. ಸಂಪಾದಕರಿಗೆ ಹೇಳಿರಲಿಲ್ಲ. ಹೇಳುವುದೂ ಇಲ್ಲ ಅಂತ ಅವರ ಬೆನ್ನು ನೋಡಿದಾಗಲೇ ಗೊತ್ತಾಯಿತು.

ಸಂಪಾದಕರ ಕೋಣೆಗೆ ಹೋಗಲು ನನಗೆ ಮೂರು ದಿನ ಬೇಕಾಯಿತು. ಆ ಮೂರು ದಿನ ನನ್ನ ತಲೆ ಏನೇನು ಹುಡುಕಿತು ಅಂದರೆ ಈಗಲೂ ನಗು ಬರುತ್ತದೆ. ಕೈಬರಹ ಕೆಟ್ಟದಾಗಿತ್ತು. ದೀಪ ಮಂಕಾಗಿತ್ತು. ಅವತ್ತು ಕೆಲಸ ಜಾಸ್ತಿ ಇತ್ತು. ಎಲ್ಲವೂ ನಿಜ! ಒಂದೂ ಸುಳ್ಳಲ್ಲ. ಆದರೆ ಅವೆಲ್ಲ ಕಂಪೋಸಿಟರಿಗೂ ಅಷ್ಟೇ ನಿಜವಾಗಿದ್ದವು. ಅದೇ ಕೈಬರಹ, ಅದೇ ದೀಪ. ಕೊನೆಗೆ ಹಾಳೆ ಹಿಡಿದುಕೊಂಡು ಹೋಗಿ, “ಸಾರ್, 17 ಇದ್ದದ್ದನ್ನ 11 ಮಾಡಿದ್ದು ನಾನು. ಅವರ ಮೇಲೆ ಹಾಕಿದ್ದೂ ನಾನು” ಅಂದೆ. ಭೂಕಂಪ ಆಗಲಿಲ್ಲ. ಸಂಪಾದಕರು ಹಾಳೆ ನೋಡಿದರು. “ಅಂಕಿಗಳನ್ನ ಇನ್ನು ಮೇಲೆ ಇಬ್ಬರು ಕೂತು ನೋಡಿ” ಅಂದರು. ಅವತ್ತಿನಿಂದ ಕಾಪಿ ಹೋಲ್ಡರ್ ಅನ್ನುವ ಸಹಾಯಕ ಹಸ್ತಪ್ರತಿ ಹಿಡಿದು ಅಂಕಿಗಳನ್ನು ಗಟ್ಟಿಯಾಗಿ ಓದುವುದು, ನಾನು ಕರಡಿನಲ್ಲಿ ಬೆರಳಿಟ್ಟು ನೋಡುವುದು. ‘ಕಂಪೋಸಿಂಗ್‌ನಲ್ಲಿ ತಪ್ಪಾಗಿದೆ’ ಅನ್ನುವ ವಾಕ್ಯ ಹಾಗೇ ನಿಂತಿದ್ದರೆ ಈ ಪದ್ಧತಿ ಬರುತ್ತಲೇ ಇರಲಿಲ್ಲ. ತಪ್ಪು ಎಲ್ಲಿ ಆಗಿಲ್ಲವೋ ಅಲ್ಲಿ ರಿಪೇರಿ ಮಾಡುತ್ತಾ ಕೂರುತ್ತಿದ್ದೆವು.

ನಿಮಗೆ ನಾನು ಹೇಳುವ ಕೆಲಸವೂ ಕರಡು ತಿದ್ದುವುದೇ. ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಳ್ಳಿ. ದಿನಾ ರಾತ್ರಿ ಆ ದಿನ ಕೊಟ್ಟ ಒಂದು ಸಬೂಬನ್ನು, ಬಾಯಿಂದ ಬಂದ ಹಾಗೇ ಬರೆಯಿರಿ. ‘ಟ್ರಾಫಿಕ್‌ನಿಂದ ತಡವಾಯಿತು’ ಅಂತಿಟ್ಟುಕೊಳ್ಳಿ. ಅದರ ಕೆಳಗೆ ‘ನಾನು’ ಅನ್ನುವ ಪದ ಸೇರಿಸಿ ಅದನ್ನೇ ತಿದ್ದಿ: ‘ಒಂಬತ್ತಕ್ಕೆ ಅಲ್ಲಿರಬೇಕಿತ್ತು. ಈ ಹೊತ್ತಿಗೆ ಟ್ರಾಫಿಕ್ ಇರುತ್ತದೆ ಅಂತ ಗೊತ್ತಿತ್ತು. ನಾನು ಎಂಟೂವರೆಗೆ ಹೊರಟೆ.’ ಟ್ರಾಫಿಕ್ಕನ್ನು ಅಳಿಸಬೇಡಿ, ಅದೂ ಇತ್ತು. ನಿಮ್ಮ ಪಾಲು ಎಷ್ಟೋ ಅಷ್ಟನ್ನು ಪಕ್ಕದಲ್ಲಿ ಬರೆದರೆ ಸಾಕು. ತಿದ್ದಿದ ವಾಕ್ಯದಿಂದ ನಾಳೆಗೆ ಒಂದು ಕೆಲಸ ಹುಟ್ಟಬೇಕು. ಇಲ್ಲಿ ಹುಟ್ಟಿದೆ: ಎಂಟಕ್ಕೆ ಹೊರಡುವುದು. ಮೊದಲಿನ ವಾಕ್ಯದಿಂದ ಏನೂ ಹುಟ್ಟುವುದಿಲ್ಲ, ಟ್ರಾಫಿಕ್ಕಿಗೆ ಬೈಯಬಹುದು ಅಷ್ಟೇ.

ಎರಡು ಕಡೆ ಎಡವುತ್ತೀರಿ, ಈಗಲೇ ಹೇಳಿಬಿಡುತ್ತೇನೆ. ಒಂದು, ‘ನನ್ನ ತಪ್ಪು, ಆದರೆ...’ ಅನ್ನುವುದು. ‘ತಪ್ಪು’ ಆದ ಮೇಲೆ ಪೂರ್ಣವಿರಾಮ. ಅಲ್ಪವಿರಾಮ ಹಾಕಿದರೆ ನಾನು ಕೆಂಪು ಗೀಟು ಎಳೆಯುತ್ತೇನೆ. ಎರಡು, ‘ನಾನೊಬ್ಬ ಪಾಪಿ, ನನ್ನಿಂದ ಏನೂ ಆಗುವುದಿಲ್ಲ’ ಅಂತ ಹಣೆ ಹಣೆ ಚಚ್ಚಿಕೊಳ್ಳುವುದು. ಅದೂ ಜಾರಿಕೊಳ್ಳುವ ದಾರಿಯೇ. ರೇಗಿದ್ದು ನೀವು, ಈಗ ಸಮಾಧಾನ ಮಾಡುವ ಕೆಲಸ ಹೆಂಡತಿಯ ತಲೆಗೆ ಬರುತ್ತದೆ.

ಮಗಳ ವಿಷಯ. ಮುಂದಿನ ಸಲ ಏನಾದರೂ ಬಿದ್ದಾಗ ‘ಯಾರು ಮಾಡಿದ್ದು?’ ಅಂತ ಶುರು ಮಾಡಬೇಡಿ. ಆ ಪ್ರಶ್ನೆಗೆ ಯಾವ ಮಗುವೂ ‘ನಾನಲ್ಲ’ ಅಂತಲೇ ಹೇಳುತ್ತದೆ. ‘ಕಾಲಿಗೆ ಚೂರು ಚುಚ್ಚಿಲ್ಲ ತಾನೇ?’ ಅಂತ ಕೇಳಿ. ಪೊರಕೆ ತನ್ನಿ. ಚೂರು ನೀವು ಗುಡಿಸಿ, ಮೊರ ಅವಳು ಹಿಡಿಯಲಿ. ಆಮೇಲೆ ‘ಹೇಗೆ ಬಿತ್ತು ಹೇಳು’ ಅನ್ನಿ. ಅವಳು ‘ನಾನು ಬೀಳಿಸಿದೆ’ ಅಂದ ದಿನ ದಯವಿಟ್ಟು ಬೈಯಬೇಡಿ. ನಿಜ ಹೇಳಿದ್ದಕ್ಕೆ ಬೈಗುಳ ಸಿಕ್ಕರೆ ಮಾರನೆಯ ದಿನ ಟೇಬಲ್ ಮತ್ತೆ ಅಲ್ಲಾಡಲು ಶುರುವಾಗುತ್ತದೆ. ಅದಕ್ಕಿಂತ ಮೊದಲು, ಈ ವಾರವೇ, ಅವಳ ಎದುರಿಗೇ ನಿಮ್ಮದೊಂದು ತಪ್ಪನ್ನು ಹೆಂಡತಿಯ ಹತ್ತಿರ ಒಪ್ಪಿಕೊಳ್ಳಿ. ಚಿಕ್ಕದಾದರೂ ಪರವಾಗಿಲ್ಲ. ಹನ್ನೆರಡು ವರ್ಷದ ಬಾಕಿ ಇದೆಯಲ್ಲ, ಹುಡುಕುವ ಕಷ್ಟ ಇರಲಿಕ್ಕಿಲ್ಲ.

ಪ್ರಶ್ನೆ: ಮನೆಕೆಲಸದಲ್ಲಿ ಮುಕ್ಕಾಲು ಪಾಲು ನಾನೇ ಮಾಡುತ್ತೇನೆ. ನನ್ನ ಗಂಡನನ್ನು ಕೇಳಿದರೆ, ಅವರೇ ಅರ್ಧಕ್ಕಿಂತ ಜಾಸ್ತಿ ಮಾಡುತ್ತಾರಂತೆ! ಇಷ್ಟು ಧೈರ್ಯವಾಗಿ ಸುಳ್ಳು ಹೇಳುವವರ ಜೊತೆ ಬಾಳುವುದು ಹೇಗೆ?
(ಒಬ್ಬ ಗೃಹಿಣಿ)

ಉತ್ತರ: ಅವರು ಸುಳ್ಳು ಹೇಳುತ್ತಿಲ್ಲದಿರಬಹುದು. ನೀವೂ ಹೇಳುತ್ತಿಲ್ಲ. ಕೂಡಿದರೆ ಮಾತ್ರ ನೂರು ದಾಟುತ್ತದೆ.

ಕೆನಡಾದ ಮೈಕೆಲ್ ರಾಸ್, ಫಿಯೋರ್ ಸಿಕೋಲಿ ಅನ್ನುವವರು 1979ರಲ್ಲಿ ಇದನ್ನೇ ಅಳೆದು ಪ್ರಕಟಿಸಿದರು. 37 ಜೋಡಿ ಗಂಡ ಹೆಂಡತಿಯರನ್ನು ಬೇರೆ ಬೇರೆ ಕೂರಿಸಿ, ಮನೆಯ 20 ವಿಷಯ ಕೊಟ್ಟು, ನಿಮ್ಮ ಪಾಲೆಷ್ಟು ಅಂತ ಒಂದು ಗೆರೆಯ ಮೇಲೆ ಗುರುತು ಮಾಡಿಸಿದರು. 37ರಲ್ಲಿ 27 ಜೋಡಿಗಳ ಮೊತ್ತ ಪೂರ್ತಿಗಿಂತ ಜಾಸ್ತಿ ಬಂತು. ನನಗೆ ಇದರಲ್ಲಿ ತುಂಬ ಇಷ್ಟವಾದದ್ದು ಬೇರೆ. ಪಟ್ಟಿಯಲ್ಲಿ ಒಳ್ಳೆಯ ಕೆಲಸ ಮಾತ್ರ ಇರಲಿಲ್ಲ, ಜಗಳ ತೆಗೆಯುವುದೂ ಇತ್ತು. ಅಂಥ ಕೆಟ್ಟ ವಿಷಯಗಳಲ್ಲೂ ಜನ ತಮ್ಮ ಪಾಲನ್ನು ಹಿಗ್ಗಿಸಿಕೊಂಡೇ ಹೇಳಿದ್ದರು! ಅಂದರೆ ಇದು ಬರೀ ಜಂಬವಲ್ಲ. ನೆನಪಿನ ಸಮಸ್ಯೆ. ನಾನು ಮಾಡಿದ್ದು ನನ್ನ ಕಣ್ಣೆದುರೇ ನಡೆದಿರುತ್ತದೆ. ನೀವು ಮಾಡಿದ್ದು ನಾನು ಇಲ್ಲದಾಗ, ನಾನು ಮಲಗಿದ್ದಾಗ ನಡೆದಿರುತ್ತದೆ.

ಹಾಗಂತ ನಿಮ್ಮ ಮುಕ್ಕಾಲು ಪಾಲು ತಪ್ಪು ಅಂತಲ್ಲ. ಸರಿಯೇ ಇರಬಹುದು. ಎಷ್ಟೋ ಮನೆಗಳಲ್ಲಿ ಅದಕ್ಕಿಂತ ಜಾಸ್ತಿಯೇ ಇರುತ್ತದೆ. ಒಂದು ವಾರ ಇಬ್ಬರೂ ಒಂದೇ ಹಾಳೆಯಲ್ಲಿ, ಮಾಡಿದ ತಕ್ಷಣ ಬರೆಯಿರಿ. ‘ನೆನಪಿಟ್ಟುಕೊಂಡದ್ದು’ ಅಂತ ಒಂದು ಕಾಲಂ ಮರೆಯಬೇಡಿ. ಮಗುವಿನ ಫೀಸು ಕಟ್ಟುವುದು ಐದು ನಿಮಿಷದ ಕೆಲಸ. ಕಟ್ಟಬೇಕು ಅಂತ ಹತ್ತು ದಿನ ತಲೆಯಲ್ಲಿ ಇಟ್ಟುಕೊಂಡವರು ಯಾರು? ಆ ಕಾಲಂನಲ್ಲಿ ನಿಮ್ಮ ಗಂಡ ಎಷ್ಟು ಬರೆಯುತ್ತಾರೆ ಅಂತ ನೋಡುವ ಕುತೂಹಲ ನನಗೂ ಇದೆ. ಫಲಿತಾಂಶ ಬರೆದು ಕಳಿಸಿ.

ಪ್ರಶ್ನೆ: ‘ನಿಮ್ಮ ಬದುಕಿಗೆ ನೀವೇ ಹೊಣೆ’ ಅಂತ ಎಲ್ಲರೂ ಉಪದೇಶ ಮಾಡುತ್ತಾರೆ. ಉಳ್ಳವರಿಗೆ ಅದು ಸುಲಭ. ನನ್ನಪ್ಪ 17ನೇ ವಯಸ್ಸಿಗೆ ನನ್ನ ಓದು ಬಿಡಿಸಿ ಕೆಲಸಕ್ಕೆ ಹಚ್ಚಿದರು. ಅಣ್ಣನನ್ನು ಓದಿಸಿದರು. ಈಗ ನನಗೆ 29. ಬಿಟ್ಟ ಓದನ್ನು ಮುಂದುವರಿಸಬೇಕು ಅಂತ ಆಸೆ. ಹೊರಗಿನಿಂದ ಪರೀಕ್ಷೆ ಕಟ್ಟಲು ಹೋದ ವರ್ಷ ಅರ್ಜಿ ತಂದಿಟ್ಟಿದ್ದೆ, ತಾರೀಕು ಮುಗಿದುಹೋಯಿತು. ಅದರ ಹಿಂದಿನ ವರ್ಷವೂ ಹಾಗೇ. ಅಪ್ಪ ಅವತ್ತು ಓದಿಸಿದ್ದರೆ ಇದೆಲ್ಲ ಯಾಕೆ ಬೇಕಿತ್ತು? ಇದಕ್ಕೆ ಅವರನ್ನಲ್ಲದೆ ಯಾರನ್ನು ದೂರಲಿ?
(ಕೆ.)

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಅಪ್ಪ ಮಾಡಿದ್ದು ಅನ್ಯಾಯ. ಅವರಿಗೂ ಏನೋ ಕಷ್ಟ ಇದ್ದಿರಬಹುದು, ಆದರೆ ಒಬ್ಬ ಮಗನನ್ನು ಓದಿಸಿ ಇನ್ನೊಬ್ಬನನ್ನು ಬಿಡಿಸಿದ್ದು ಅವರ ನಿರ್ಧಾರ. ಅದನ್ನು ಮರೆತುಬಿಡಿ, ಕ್ಷಮಿಸಿಬಿಡಿ ಅಂತ ಹೇಳಲು ನಾನ್ಯಾರು? ಹೊಣೆ ಹೊರುವುದು ಅಂದರೆ ಬೇರೆಯವರ ತಪ್ಪನ್ನು ಮಾಫಿ ಮಾಡುವುದಲ್ಲ.

ಜೂಲಿಯನ್ ರಾಟರ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು 1966ರಲ್ಲಿ ಒಂದು ಪ್ರಶ್ನಾವಳಿ ಪ್ರಕಟಿಸಿದರು. ಬದುಕಿನಲ್ಲಿ ನಡೆಯುವುದೆಲ್ಲ ನಮ್ಮ ಕೈಯಲ್ಲಿದೆ ಅಂತ ಜನ ನಂಬುತ್ತಾರಾ, ಅಥವಾ ಅದೃಷ್ಟ, ಬಲಾಢ್ಯರು, ಹೊರಗಿನ ಶಕ್ತಿಗಳ ಕೈಯಲ್ಲಿದೆ ಅಂತಲಾ ಎಂದು ನೋಡುವುದಕ್ಕೆ. ಎರಡೆರಡು ವಾಕ್ಯ ಕೊಡುತ್ತಾರೆ, ಒಂದನ್ನು ಆರಿಸಬೇಕು. ಆಮೇಲೆ ಜನ ಇದನ್ನು ಹಿಡಿದುಕೊಂಡು ‘ನನ್ನ ಕೈಯಲ್ಲಿದೆ’ ಅನ್ನುವವರೆಲ್ಲ ಒಳ್ಳೆಯವರು, ಉಳಿದವರೆಲ್ಲ ಕೈಲಾಗದವರು ಅಂತ ವಿಂಗಡಿಸಲು ಶುರು ಮಾಡಿದರು. ಹಾಗೆ ಮಾಡಬೇಡಿ ಅಂತ ರಾಟರ್ ಅವರೇ 1975ರಲ್ಲಿ ಬರೆಯಬೇಕಾಯಿತು. ನನ್ನನ್ನು ಕೇಳಿದರೆ, ಎಷ್ಟೋ ಕಡೆ ಎರಡೂ ವಾಕ್ಯಕ್ಕೆ ಟಿಕ್ ಹಾಕಬೇಕಾಗುತ್ತದೆ.

ನಿಮ್ಮ ಕಾಗದದಲ್ಲಿ ಎರಡು ಘಟನೆ ಇವೆ. 17ನೇ ವಯಸ್ಸಿನದು ಒಂದು, ಹೋದ ವರ್ಷದ್ದು ಇನ್ನೊಂದು. ಮೊದಲನೆಯದನ್ನು ಬರೆಯುವಾಗ ‘ಓದು ಬಿಡಿಸಿದರು’ ಅಂದಿದ್ದೀರಿ. ಮಾಡಿದವರು ಇದ್ದಾರೆ, ಸರಿಯಾಗಿದೆ. ಎರಡನೆಯದಕ್ಕೆ ಬಂದಾಗ ‘ತಾರೀಕು ಮುಗಿದುಹೋಯಿತು’ ಅಂದಿದ್ದೀರಿ. ಅಲ್ಲಿ ಯಾರೂ ಇಲ್ಲ. ಅರ್ಜಿ ತಂದವರು ನೀವು. ಅದು ಎಲ್ಲಿತ್ತು? ಡ್ರಾಯರಿನಲ್ಲಾ? ಎಷ್ಟು ದಿನ? ತುಂಬಿಸಲು ಕೂತಾಗ ಏನಾಯಿತು? ಫೇಲಾದರೆ ನಗುತ್ತಾರೆ ಅಂತ ಭಯವಾ? ಇರಬಹುದು. 29ಕ್ಕೆ ಪರೀಕ್ಷೆ ಬರೆಯಲು ಯಾರಿಗೆ ಭಯ ಆಗುವುದಿಲ್ಲ? ಆದರೆ ಅದು ಭಯವಾಗಿದ್ದರೆ ಭಯ ಅಂತ ಬರೆಯಿರಿ, ಅಪ್ಪ ಅಂತ ಬರೆಯಬೇಡಿ. ಭಯಕ್ಕೆ ಏನಾದರೂ ಮಾಡಬಹುದು. ಜೊತೆಗೆ ಓದುವವರೊಬ್ಬರನ್ನು ಹುಡುಕಬಹುದು. ಒಂದೇ ವಿಷಯದ ಪರೀಕ್ಷೆ ಕಟ್ಟಲು ಬರುತ್ತದಾ ಅಂತ ವಿಚಾರಿಸಬಹುದು. ಹನ್ನೆರಡು ವರ್ಷ ಹಿಂದಿನ ಅಪ್ಪನಿಗೆ ಈಗ ಏನು ಮಾಡುತ್ತೀರಿ?

ಈ ವರ್ಷ ಅರ್ಜಿ ತಂದ ದಿನವೇ, ಅಂಚೆ ಕಚೇರಿಯೋ ಕಂಪ್ಯೂಟರ್ ಅಂಗಡಿಯೋ, ಎಲ್ಲಿ ಕೊಡಬೇಕೋ ಅಲ್ಲೇ ನಿಂತು ತುಂಬಿಸಿ. ಮನೆಗೆ ತರಬೇಡಿ. ನಿಮ್ಮ ಡ್ರಾಯರಿನ ಮೇಲೆ ನನಗೆ ನಂಬಿಕೆ ಇಲ್ಲ.

ಪ್ರಶ್ನೆ: ಬೇರೆಯವರನ್ನು ದೂರುವುದನ್ನು ನಿಲ್ಲಿಸಿದರೆ ಸ್ನೇಹಿತರ ಜೊತೆ ಮಾತಾಡಲು ಏನು ಉಳಿಯುತ್ತದೆ?
(ಕಿಡಿಗೇಡಿ)

ಉತ್ತರ: ಹವಾಮಾನ. ಅದಕ್ಕೆ ಬೇಕಾದಷ್ಟು ಬೈಯಿರಿ. ಮಳೆ ತಿರುಗಿ ಮಾತಾಡುವುದಿಲ್ಲ, ಮಳೆಯ ಹೆಂಡತಿ ಬಂದು ಜಗಳ ತೆಗೆಯುವುದೂ ಇಲ್ಲ.

ಪ್ರಶ್ನೆ: ನನ್ನದು ಉಲ್ಟಾ ಸಮಸ್ಯೆ ಸರ್. ಎಲ್ಲದಕ್ಕೂ ‘ಸಾರಿ’ ಅನ್ನುವುದು ನನ್ನ ಅಭ್ಯಾಸ. ಯಾರಾದರೂ ನನ್ನ ಕಾಲು ತುಳಿದರೂ ನಾನೇ ಸಾರಿ ಕೇಳುತ್ತೇನೆ. ಆಫೀಸಿನಲ್ಲಿ ಇದು ಎಲ್ಲರಿಗೂ ಗೊತ್ತಾಗಿದೆ. ಹೋದ ತಿಂಗಳು ನಮ್ಮ ಮೇಲಿನವರು ಒಂದು ಲೆಕ್ಕದ ಹಾಳೆಯಲ್ಲಿ ತಪ್ಪು ಅಂಕಿ ಕೊಟ್ಟರು. ನಾನು ಅದನ್ನೇ ಸೇರಿಸಿದೆ. ಮೀಟಿಂಗಿನಲ್ಲಿ ಅವರು “ಇವರು ಸರಿಯಾಗಿ ನೋಡಿಲ್ಲ” ಅಂದುಬಿಟ್ಟರು. ನಾನು ಎಲ್ಲರ ಎದುರು ‘ಸಾರಿ ಸರ್’ ಅಂದೆ. ಮನೆಗೆ ಬಂದು ಅತ್ತೆ. ಹೊಣೆ ಹೊರುವುದು ಒಳ್ಳೆಯದು ಅಂತೀರಲ್ಲ, ನಾನು ಇನ್ನೆಷ್ಟು ಹೊರಬೇಕು?
(ಎಸ್.)

ಉತ್ತರ: ಕಡಿಮೆ. ತುಂಬ ಕಡಿಮೆ.

ಮೊದಲ ಕಾಗದ ಬರೆದವರ ವಾಕ್ಯದಲ್ಲಿ ‘ನಾನು’ ಇರಬೇಕಾದ ಕಡೆ ಇರಲಿಲ್ಲ. ನಿಮ್ಮದರಲ್ಲಿ ಇರಬಾರದ ಕಡೆಯೂ ಇದೆ. ಎರಡೂ ಕರಡಿನ ತಪ್ಪೇ. ಆ ಮೀಟಿಂಗಿನ ವಾಕ್ಯವನ್ನು ಸರಿಯಾಗಿ ಬರೆದರೆ ಹೀಗಾಗುತ್ತದೆ: ‘ಅಂಕಿ ಕೊಟ್ಟವರು ಅವರು. ಮೂಲದ ಜೊತೆ ತಾಳೆ ನೋಡದೆ ಸೇರಿಸಿದವಳು ನಾನು.’ ಎರಡನೆಯ ಅರ್ಧ ನಿಮ್ಮದು, ಅದನ್ನು ಬಿಡಬೇಡಿ. ಮೊದಲನೆಯದು ನಿಮ್ಮದಲ್ಲ, ಅದನ್ನು ಹೊರಬೇಡಿ.

ನೀವು ಒಪ್ಪಿಕೊಂಡಿದ್ದರಿಂದ ಏನಾಯಿತು ನೋಡಿ. ತಪ್ಪು ಅಂಕಿ ಎಲ್ಲಿಂದ ಬಂತು ಅಂತ ಯಾರೂ ಹುಡುಕಲಿಲ್ಲ. ಆ ದಾರಿ ಇನ್ನೂ ತೆರೆದೇ ಇದೆ. ಮುಂದಿನ ತಿಂಗಳೂ ಅಲ್ಲಿಂದಲೇ ಬರುತ್ತದೆ. ಒಬ್ಬರ ಕುತ್ತಿಗೆ ಸಿಕ್ಕಿತು ಅಂದ ತಕ್ಷಣ ಹುಡುಕಾಟ ನಿಂತುಬಿಡುತ್ತದೆ.

ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡವರು ವಿಮಾನದವರು. ವಿಮಾನ ಅಪಘಾತದ ತನಿಖೆ ಹೇಗಿರಬೇಕು ಅನ್ನುವುದಕ್ಕೆ ಅಂತರರಾಷ್ಟ್ರೀಯ ನಿಯಮ ಇದೆ. ಅನೆಕ್ಸ್ 13 ಅಂತ ಹೆಸರು, 1951ರಲ್ಲಿ ಬಂದದ್ದು. ತನಿಖೆಯ ಉದ್ದೇಶ ಮುಂದಿನ ಅಪಘಾತ ತಡೆಯುವುದು, ಯಾರ ಮೇಲೂ ತಪ್ಪು ಹೊರಿಸುವುದಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿದೆ. ಅಮೆರಿಕದಲ್ಲಿ 1976ರಿಂದ ಇನ್ನೊಂದು ವ್ಯವಸ್ಥೆ ನಡೆಯುತ್ತಿದೆ. ಪೈಲಟ್ ತನ್ನ ತಪ್ಪನ್ನು ತಾನೇ ಬರೆದು ಕಳಿಸಬಹುದು. ಅದು ಹೋಗುವುದು ದಂಡ ಹಾಕುವ ಇಲಾಖೆಗಲ್ಲ, ನಾಸಾಗೆ. ಅಲ್ಲಿ ಹೆಸರು ತೆಗೆದುಹಾಕುತ್ತಾರೆ. ಬೇಕಂತ ಮಾಡಿದ್ದಲ್ಲದಿದ್ದರೆ, ಹತ್ತು ದಿನದೊಳಗೆ ಬರೆದವರಿಗೆ ಸಾಮಾನ್ಯವಾಗಿ ದಂಡದಿಂದ ವಿನಾಯಿತಿ ಸಿಗುತ್ತದೆ. ಅಪರಾಧಗಳಿಗೆ, ಅಪಘಾತಗಳಿಗೆ ಈ ವಿನಾಯಿತಿ ಇಲ್ಲ. ‘ನಾನು ಮಾಡಿದೆ’ ಅಂತ ಹೇಳಿದವರ ತಲೆ ಹೋಗುವುದಿಲ್ಲ ಅಂತಾದರೆ ಮಾತ್ರ ಜನ ಹೇಳುತ್ತಾರೆ ಅಂತ ಅವರಿಗೆ ಗೊತ್ತಿದೆ. ನನ್ನ ಸಂಪಾದಕರಿಗೂ ಗೊತ್ತಿತ್ತು ಅಂತ ಕಾಣುತ್ತದೆ. ನಿಮ್ಮ ಮೇಲಿನವರಿಗೆ ಗೊತ್ತಿಲ್ಲ.

ಅವರನ್ನು ನೀವು ಬದಲಾಯಿಸಲಾರಿರಿ. ಕಾಗದಪತ್ರ ಸರಿಯಾಗಿ ಇಟ್ಟುಕೊಳ್ಳಬಹುದು. ಇನ್ನು ಮುಂದೆ ಅಂಕಿಗಳು ಬಾಯಿಮಾತಿನಲ್ಲಿ ಬಂದರೆ, ‘ನೀವು ಇವತ್ತು ಬೆಳಿಗ್ಗೆ ಕೊಟ್ಟ ಈ ಅಂಕಿಗಳನ್ನು ಸೇರಿಸುತ್ತಿದ್ದೇನೆ, ಒಮ್ಮೆ ನೋಡಿ’ ಅಂತ ಎರಡು ಸಾಲು ಬರೆದು ಕಳಿಸಿ. ಜಗಳದ ದನಿ ಬೇಡ. ಅದು ಗ್ಯಾಲಿ ಪ್ರೂಫಿನ ಮೂಲೆಯ ಸಹಿ ಇದ್ದ ಹಾಗೆ. ಮೀಟಿಂಗಿನಲ್ಲಿ ಮತ್ತೆ ಹಾಗಾದರೆ ‘ಸಾರಿ’ ಅನ್ನುವ ಬದಲು ‘ಎಲ್ಲಿಂದ ಬಂತು ಅಂತ ನೋಡಿ ಹೇಳುತ್ತೇನೆ ಸರ್’ ಅನ್ನಿ. ನಾಲಿಗೆ ಮೊದಲ ಸಲ ತೊದಲುತ್ತದೆ. ತೊದಲಲಿ.

ಕಾಲು ತುಳಿದವರಿಗೆ ಸಾರಿ ಅನ್ನುವುದನ್ನು ಬೇಕಾದರೆ ಇಟ್ಟುಕೊಳ್ಳಿ, ಅದರಿಂದ ಯಾರಿಗೂ ನಷ್ಟವಿಲ್ಲ. ಆದರೆ ಇದನ್ನು ಓದುತ್ತಿರುವ ಇನ್ಯಾರಿಗಾದರೂ ಮನೆಯಲ್ಲಿ ಹೊಡೆದು, ‘ನೀನೇ ಹಾಗೆ ಮಾಡಿಸಿದೆ’ ಅನ್ನುವವರು ಇದ್ದರೆ, ಅದು ನಿಮ್ಮ ಪಾಲಲ್ಲ. ಒಂದು ಪೈಸೆಯಷ್ಟೂ ಅಲ್ಲ. ಎತ್ತಿದ ಕೈ ಯಾರದೋ ವಾಕ್ಯವೂ ಅವರದೇ. ನಂಬಿಕೆಯ ಒಬ್ಬರಿಗೆ ಇವತ್ತೇ ಹೇಳಿ, ಸಹಾಯ ಕೇಳಿ.

ತಿದ್ದುಪಡಿ: ಹೋದ ಸಂಚಿಕೆಯಲ್ಲಿ ಫೆಬ್ರವರಿ 29ರಂದು ಹುಟ್ಟಿದ ಓದುಗರೊಬ್ಬರಿಗೆ ಉತ್ತರಿಸುವಾಗ 1900 ಅಧಿಕ ವರ್ಷ ಅಂತ ತಪ್ಪಾಗಿ ಅಚ್ಚಾಗಿತ್ತು. ಅಚ್ಚಾಗಿದ್ದಲ್ಲ, ನಾನು ಹಾಗೆ ಬರೆದಿದ್ದೆ. ನೂರರಿಂದ ಭಾಗವಾಗುವ ವರ್ಷ 400ರಿಂದಲೂ ಭಾಗವಾದರೆ ಮಾತ್ರ ಅಧಿಕ ವರ್ಷ. 2000 ಹೌದು, 1900 ಅಲ್ಲ. ಮೂವರು ಓದುಗರು ಬರೆದು ತಿಳಿಸಿದರು. ಕರಡನ್ನೂ ನಾನೇ ನೋಡಿದ್ದೆ.